ಊಟದ ಹೊತ್ತಿನ ಎರಡು ಪ್ರಶ್ನೆ

ಪತ್ರ: ಆಫೀಸಿನಲ್ಲಿ ಊಟಕ್ಕೆ ಕೂತಾಗ ಗೆಳೆಯನೊಬ್ಬ ‘ನಿಮ್ಮ ಬೈಬಲನ್ನು ಎಷ್ಟೋ ಸಲ ತಿದ್ದಿದ್ದಾರೆ’ ಎಂದು ಕೆಣಕುತ್ತಾನೆ. ಮೊನ್ನೆ, ‘ದೇವರಿದ್ದರೆ ಕೋವಿಡ್‌ನಲ್ಲಿ ನಮ್ಮಪ್ಪ ಯಾಕೆ ಹೋದರು?’ ಅಂದ. ನನ್ನ ಬಾಯಿ ಕಟ್ಟಿತು. ನನ್ನ ನಂಬಿಕೆಗೆ ಧೈರ್ಯವಾಗಿ ಸಾಕ್ಷಿ ಹೇಳುವುದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ: ಎರಡನೇ ಪ್ರಶ್ನೆಗೆ ಬಾಯಿ ಕಟ್ಟಿದ್ದು ಒಳ್ಳೆಯದೇ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದಕ್ಕೆ ಸ್ವಲ್ಪ ಓದಿಕೊಂಡು ಹೋಗಿ. ‘ಒಂದಕ್ಷರವೂ ಬದಲಾಗಿಲ್ಲ’ ಎಂದು ಮೇಜು ಗುದ್ದಬೇಡಿ, ಅದು ನಿಜವಲ್ಲ. ಕೈಬರಹದ ಪ್ರತಿಗಳಲ್ಲಿ ವ್ಯತ್ಯಾಸಗಳಿವೆ. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು (16:9–20) ನಾಲ್ಕನೇ ಶತಮಾನದ ಸಿನೈಟಿಕಸ್, ವ್ಯಾಟಿಕಾನಸ್ ಪ್ರತಿಗಳಲ್ಲಿ ಇಲ್ಲವೇ ಇಲ್ಲ. ಇದೇನು ಗುಟ್ಟಲ್ಲ. ಎಷ್ಟೋ ಬೈಬಲ್‌ಗಳ ಅಡಿಟಿಪ್ಪಣಿಯಲ್ಲೇ ಅಚ್ಚಾಗಿದೆ. ಅವನು ಕೇಳುವ ಮೊದಲೇ ಆ ಪುಟ ತೆಗೆದು ತೋರಿಸಿ. ಜೊತೆಗೆ ಇದನ್ನೂ ಹೇಳಿ: ಮ್ಯಾಂಚೆಸ್ಟರ್‌ನ ಜಾನ್ ರೈಲ್ಯಾಂಡ್ಸ್ ಲೈಬ್ರರಿಯಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಪಪೈರಸ್ (ಜೊಂಡಿನ ಹಾಳೆ) ಚೂರೊಂದಿದೆ, ಸುಮಾರು 9 ಸೆಂ.ಮೀ. ಉದ್ದ. ಯೇಸುವನ್ನು ರೋಮನ್ ಅಧಿಪತಿ ಪಿಲಾತನ ಮುಂದೆ ನಿಲ್ಲಿಸಿದ ಭಾಗದ ಕೆಲವು ಸಾಲು (ಯೋಹಾನನ ಸುವಾರ್ತೆ, 18ನೇ ಅಧ್ಯಾಯ) ಅದರ ಎರಡೂ ಬದಿಯಲ್ಲಿವೆ. ಬಹಳಷ್ಟು ವಿದ್ವಾಂಸರು ಅದು ಎರಡನೇ ಶತಮಾನದ್ದು ಎನ್ನುತ್ತಾರೆ. ಬರಹ ಹಳೆಯದು ಎಂಬುದಕ್ಕೆ ಅದು ಆಧಾರ, ಅಷ್ಟೇ. ಯೇಸು ಸತ್ತವರೊಳಗಿಂದ ಎದ್ದುಬಂದರು ಎಂಬುದಕ್ಕಲ್ಲ. ಜಾಸ್ತಿ ಎಳೆಯಬೇಡಿ.

ಎರಡನೆಯದನ್ನು ಕೇಳಿದ್ದು ಅಪ್ಪನನ್ನು ಕಳಕೊಂಡ ಮಗ. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳಕೊಂಡ ಯೋಬನ ಮೂವರು ಗೆಳೆಯರು ನೆನಪಿದ್ದಾರಲ್ವಾ? ಏಳು ಹಗಲು, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿವರೆಗೆ ಎಲ್ಲ ಸರಿಯಿತ್ತು. ಬಾಯಿ ತೆರೆದು ಕಾರಣ ಕೊಡಲು ಹೊರಟಾಗ ಕೆಟ್ಟಿತು. ಕೊನೆಗೆ ದೇವರಿಗೇ ಅವರ ಮೇಲೆ ಸಿಟ್ಟು ಬಂತು. ನಮ್ಮಲ್ಲೂ ‘ಎಲ್ಲಾ ದೇವರ ಚಿತ್ತ’ ಅಂದು ಕೈ ತೊಳೆದುಕೊಳ್ಳುವವರಿದ್ದಾರೆ. ಸಾವಿನ ಮನೆಯಲ್ಲಿ ಆ ಮಾತು ಕೇಳಲಾಗದೆ ನಾನೇ ಎದ್ದು ಅಂಗಳಕ್ಕೆ ಹೋಗಿದ್ದುಂಟು.

ಯಾಕೆ ಹೋದರು ಅಂದರೆ ‘ನನಗೆ ಗೊತ್ತಿಲ್ಲ ಕಣೋ’ ಎಂದೇ ಹೇಳಿ. ಅಪ್ಪ ಹೇಗಿದ್ದರು, ಏನು ಕೆಲಸ ಮಾಡ್ತಿದ್ದರು, ಕೇಳಿ. ಸತ್ತ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸು ಅತ್ತರು ಎಂಬುದನ್ನು ಅವನಾಗಿ ಕೇಳಿದ ದಿನ ಹೇಳಬಹುದು. ಕೇಳದಿದ್ದರೆ ಊಟ ಮಾಡಿ.

ಅವನು ಒಪ್ಪದೆಯೂ ಇರಬಹುದು. ಗ್ರೀಸಿನ ಅಥೇನೆಯಲ್ಲಿ ಅಪೊಸ್ತಲ ಪೌಲನ ಮಾತು ಕೇಳಿ ಕೆಲವರು ನಕ್ಕರು, ಕೆಲವರು ‘ಇನ್ನೊಮ್ಮೆ ಕೇಳ್ತೀವಿ’ ಅಂದರು. ನಂಬಿದವರಲ್ಲಿ ಹೆಸರು ಉಳಿದಿರುವುದು ದಿಯೊನುಸಿಯ, ದಾಮರಿ ಇಬ್ಬರದೇ. ಪೌಲ ಅಲ್ಲಿಂದ ಕೊರಿಂಥಕ್ಕೆ ಹೊರಟುಬಿಟ್ಟ. ನಿಮಗೆ ನಾಳೆಯೂ ಅದೇ ಮೇಜು. ಮಾರ್ಕನ ಆ ಪುಟಕ್ಕೆ ಒಂದು ಚೀಟಿ ಇಟ್ಟುಕೊಂಡು ಹೋಗಿ.