‘ಅದೇ, ಇದು...’ ಅನ್ನುವವರ ಪರವಾಗಿ

ಪತ್ರ: ‘ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ವಸ್ತುವಿನ ಹೆಸರೇ ಬರುವುದಿಲ್ಲ. ಬೆಳಗಾದರೆ ಅದು, ಇದು, ಅದೇನೋ, ಎಂಥದೋ. ಮೊಮ್ಮಗಳೂ ಅದನ್ನೇ ಕಲಿತಿದ್ದಾಳೆ. ಇದು ಸೋಮಾರಿತನವಲ್ಲವೇ? ನಿಮ್ಮ ಪತ್ರಿಕೆ ಇದನ್ನು ಖಂಡಿಸಬೇಕು.’ – ಒಬ್ಬ ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ಔಷಧಿ ಚೀಟಿಯಲ್ಲೋ ಕರಾರುಪತ್ರದಲ್ಲೋ ‘ಎಂಥದೋ ಒಂದು’ ಅಂತ ಬರೆದರೆ ನಡೆಯುವುದಿಲ್ಲ, ಒಪ್ಪಿದೆ. ಆದರೆ ಆಡುಮಾತನ್ನು ಖಂಡಿಸಲು ನನ್ನಿಂದಾಗದು.

‘ಆ ಇದನ್ನ ತಗೊಂಡು ಇದಕ್ಕೆ ಸ್ವಲ್ಪ ಇದು ಮಾಡು.’ ಈ ಮಾತನ್ನೇ ನೋಡಿ. ವಸ್ತುವಿಗೂ ಹೆಸರಿಲ್ಲ, ಕೆಲಸಕ್ಕೂ ಹೆಸರಿಲ್ಲ. ಆದರೂ ದ್ವಿತೀಯಾ ವಿಭಕ್ತಿ, ಚತುರ್ಥಿ ವಿಭಕ್ತಿ ಎಲ್ಲಿರಬೇಕೋ ಅಲ್ಲೇ ಇವೆ. ಕ್ರಿಯಾಪದ ಕೊನೆಗೆ ಬಂದು ಕೂತಿದೆ. ಕೇಳಿದವರು ಸ್ಕ್ರೂಡ್ರೈವರ್ ತಂದು ಸಡಿಲವಾದ ಹಿಡಿಕೆಯನ್ನು ಬಿಗಿ ಮಾಡಿಯೇಬಿಡುತ್ತಾರೆ! ವ್ಯಾಕರಣ ಪಾಠ ಮಾಡಿದವರು ನೀವು. ಭಾಷೆಗೆ ಸೋಮಾರಿಗಳಾದವರು ಹೀಗೆ ಮಾತಾಡಬಲ್ಲರೇ?

ನಾಲಿಗೆ ತುದಿಯಲ್ಲಿದ್ದೂ ಬಾರದ ಪದದ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಥ ಓದಿ ಹೇಳಿ, ಪದ ಯಾವುದು ಅಂತ ವಿದ್ಯಾರ್ಥಿಗಳನ್ನು ಕೇಳಿದ್ದರು. ಪದ ಹೊಳೆಯದೆ ಒದ್ದಾಡಿದವರೂ ಅದರ ಮೊದಲ ಅಕ್ಷರವನ್ನು ಎಷ್ಟೋ ಸಲ ಸರಿಯಾಗಿ ಹೇಳಿದರು. ಪದ ಒಳಗೇ ಇತ್ತು, ಬಾಯಿಗೆ ಬಂದಿರಲಿಲ್ಲ ಅಷ್ಟೇ.

ಜಗತ್ತಿನ ತುಂಬ ಇಂಥ ಮಾತುಗಳಿವೆ. ಜರ್ಮನರು ‘ಡಿಂಗ್ಸ್’ ಅನ್ನುತ್ತಾರೆ. ಜಪಾನಿಯರ ‘ಅರೆ’ ನಮ್ಮ ‘ಅದು’ವೇ. ಬೆಲ್ಜಿಯಂನ ಚಿತ್ರಕಾರ ಪೇಯೊ ಒಮ್ಮೆ ಊಟ ಮಾಡುವಾಗ ಉಪ್ಪು ಅನ್ನುವ ಪದ ಮರೆತು, ಗೆಳೆಯನಿಗೆ ‘ಆ ಶ್ಟ್ರುಂಫ್ ಕೊಡು’ ಅಂದರಂತೆ. ಗೆಳೆಯನೂ ಅದೇ ಧಾಟಿಯಲ್ಲಿ ಉತ್ತರ ಕೊಟ್ಟನಂತೆ. 1958ರಲ್ಲಿ ಕಾಮಿಕ್ಸ್‌ಗೆ ಬಂದ ಪೇಯೊ ಅವರ ನೀಲಿ ಕುಳ್ಳರಿಗೆ ಅದೇ ಹೆಸರಾಯಿತು. ಇಂಗ್ಲಿಷಿನಲ್ಲಿ ಅವರೇ ಸ್ಮರ್ಫ್‌ಗಳು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಪದ ಹುಡುಕುವವರಿಗಾಗಿ ಎರಡು ಕ್ಷಣ ಕಾಯುವ ತಾಳ್ಮೆ ಈಗ ಯಾರಿಗೂ ಇಲ್ಲ. ವಯಸ್ಸಾದವರು ‘ಅದೇ, ಆವತ್ತು ಬಂದಿದ್ರಲ್ಲ, ಅವರು...’ ಅಂದರೆ ಸಾಕು, ‘ಮರೆವು ಶುರುವಾಯ್ತು’ ಅಂತ ನಗುತ್ತಾರೆ. ಜನರ ಹೆಸರು ಎಳೆಯರಿಗೂ ಕೈಕೊಡುತ್ತದೆ ಅಲ್ವಾ? ಶಾಲೆಯಲ್ಲೂ ಇದೇ ಕಥೆ. ಒಂದು ಉಪಕರಣ ಹೇಗೆ ಕೆಲಸ ಮಾಡುತ್ತದೆ ಅಂತ ಮಗು ಕೈಯಾಡಿಸಿ ಪೂರ್ತಿ ವಿವರಿಸುತ್ತದೆ. ಹೆಸರು ನೆನಪಾಗಲಿಲ್ಲ ಅಂತ ಸೊನ್ನೆ ಹಾಕುತ್ತೇವೆ! ಕೈಯಾಡಿಸಿ ಹೇಳಿದ್ದಕ್ಕೆ ಅಂಕ ಕೊಡುವ ಪ್ರಶ್ನೆಪತ್ರಿಕೆ ಯಾವಾಗ ಬರುತ್ತದೆ, ಮೇಷ್ಟ್ರೇ? ಅದರ ಬಗ್ಗೆ ಬರೆಯಿರಿ. ಖಂಡಿತ ಅಚ್ಚು ಹಾಕುತ್ತೇನೆ.