ಸಂಪಾದಕರ ಉತ್ತರ: ನಾಲ್ಕನೆಯ ವರ್ಷದ ಮರ

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ಪತ್ರದ ಸಾರ ಇದು: "ದೀಕ್ಷಾಸ್ನಾನವಾಗಿ ಮೂರು ವರ್ಷ ಮುಗಿದು ನಾಲ್ಕನೆಯದು ನಡೆಯುತ್ತಿದೆ. ಕೋಪ ಹೋಗಿಲ್ಲ. ಮಗ ಲೆಕ್ಕ ತಪ್ಪಿದರೆ ಕೂಗಾಡುತ್ತೇನೆ, ಎರಡು ಸಲ ಕೈಯೂ ಮಾಡಿದ್ದೇನೆ. ಪ್ರಾರ್ಥನೆಗೆ ಕೂತರೆ ಐದೇ ನಿಮಿಷಕ್ಕೆ ಮನಸ್ಸು ಅಂಗಡಿಯ ಉದ್ರಿ ಪುಸ್ತಕಕ್ಕೆ ಓಡುತ್ತದೆ. ಒಂದು ವರ್ಷದಲ್ಲಿ ಬೈಬಲ್ ಓದಿ ಮುಗಿಸಲು ಮೂರು ಸಲ ಹೊರಟೆ, ಮೂರು ಸಲವೂ ಯಾಜಕಕಾಂಡದಲ್ಲಿ ನಿಂತೆ. ಹೋದ ತಿಂಗಳು ಕೂಟದಲ್ಲಿ ಒಬ್ಬ ಸಹೋದರರು ತಮ್ಮ ಕೋಪ ಒಂದೇ ರಾತ್ರಿಯಲ್ಲಿ ಬಿಟ್ಟುಹೋಯಿತು ಎಂದು ಸಾಕ್ಷಿ ಹೇಳಿದರು. ಹಾಗಾದರೆ ನನ್ನ ಮಾನಸಾಂತರವೇ ಸುಳ್ಳೇ? ಇನ್ನೆಷ್ಟು ದಿನ ತಾಳಬೇಕು?"

ಪ್ರಿಯ ಸಹೋದರರೇ,

ಮೊದಲು ಮಗನ ಮಾತು. ಉಳಿದದ್ದಕ್ಕೆಲ್ಲ ಕಾಯಬಹುದು, ಇದಕ್ಕೆ ಆಗದು. ನಿಮ್ಮ ಬೆಳವಣಿಗೆ ನಿಧಾನ ಎಂದು ನೀವು ತಾಳಿಕೊಳ್ಳಬಹುದು, ಆದರೆ ಆ ನಿಧಾನದ ಏಟು ಮಗುವಿನ ಮೈಮೇಲೆ ಬೀಳಬಾರದು. ಇವತ್ತಿನಿಂದಲೇ ಲೆಕ್ಕ ಹೇಳಿಕೊಡುವ ಕೆಲಸ ಮನೆಯಲ್ಲಿ ಬೇರೆಯವರಿಗಿರಲಿ. ಅದಾಗದಿದ್ದರೆ ನಿಮ್ಮ ದನಿ ಏರಿದ ಕೂಡಲೇ ಪುಸ್ತಕ ಮುಚ್ಚಿ ಕೋಣೆಯಿಂದ ಹೊರಗೆ ಬನ್ನಿ. ಹೊಡೆದದ್ದಕ್ಕೆ ಅವನ ಕ್ಷಮೆ ಕೇಳಿ. ಕೇಳುವಾಗ "ನೀನೂ ಸರಿಯಾಗಿ ಓದಿದ್ದರೆ" ಎಂಬ ಬಾಲ ಸೇರಿಸಬೇಡಿ, "ನಾನು ಹೊಡೆದದ್ದು ತಪ್ಪು" ಎಂದರೆ ಸಾಕು. ಕೈ ಮತ್ತೆ ಎದ್ದರೆ ಮುಚ್ಚಿಡದೆ ಸಭಾಪಾಲಕರಿಗೂ ಒಬ್ಬ ಆಪ್ತಸಮಾಲೋಚಕರಿಗೂ ಹೇಳಿ. ತಂದೆಯರು ಮಕ್ಕಳನ್ನು ಕೆಣಕಿದರೆ ಮಕ್ಕಳ ಮನಸ್ಸು ಕುಂದುತ್ತದೆ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯ ಎಚ್ಚರಿಸುತ್ತದೆ.

ಇನ್ನು ಸಾಕ್ಷಿಯ ವಿಷಯ. ಆ ಸಹೋದರರ ಮಾತನ್ನು ನಾವು ಅನುಮಾನಿಸುವುದಿಲ್ಲ, ದೇವರು ಹಾಗೂ ಮಾಡುತ್ತಾನೆ. ಆದರೆ ಹತ್ತು ನಿಮಿಷದ ಸಾಕ್ಷಿಯಲ್ಲಿ ಮೊದಲು ಹೇಗಿದ್ದೆ, ಈಗ ಹೇಗಿದ್ದೇನೆ ಎಂಬ ಎರಡಕ್ಕೇ ಜಾಗ. ನಡುವಿನ ವರ್ಷಗಳು ಬಿಟ್ಟುಹೋಗುತ್ತವೆ. ಅಪೊಸ್ತಲ ಪೌಲ ದಮಸ್ಕದ ದಾರಿಯಲ್ಲಿ ಕ್ರಿಸ್ತನ ದನಿ ಕೇಳಿ ಒಮ್ಮೆಲೇ ತಿರುಗಿದ್ದು ಎಲ್ಲರಿಗೂ ಗೊತ್ತು. ಅವನು ಅರಬಸ್ಥಾನಕ್ಕೆ ಹೋದದ್ದು, ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಬಂದದ್ದು, ಮತ್ತೆ ಹದಿನಾಲ್ಕು ವರ್ಷದ ಮಾತು ಎತ್ತುವುದು, ಇವೆಲ್ಲ ಅವನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲೆರಡು ಅಧ್ಯಾಯಗಳಲ್ಲಿವೆ. ಅಷ್ಟಾದ ಮೇಲೂ, ಸೆರೆಯಲ್ಲಿ ಕೂತು ಬರೆದ ಫಿಲಿಪ್ಪಿ 3ರಲ್ಲಿ, ನಾನಿನ್ನೂ ಗುರಿ ಮುಟ್ಟಿಲ್ಲ ಎನ್ನುತ್ತಾನೆ.

ಇನ್ನೊಂದು ಬಾಳನ್ನೂ ನೋಡಿ, ಇದು ನಮ್ಮನ್ನು ನಡುಗಿಸಬೇಕಾದದ್ದು. ಇಂಗ್ಲೆಂಡಿನ ಜಾನ್ ನ್ಯೂಟನ್ 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ. ಬೈಗುಳ ಬಿಟ್ಟ, ಬೈಬಲ್ ಹಿಡಿದ. ಆದರೆ 1750ರಿಂದ 1754ರವರೆಗೆ ಅವನೇ ಕಪ್ತಾನನಾಗಿ ಗುಲಾಮರನ್ನು ಸಾಗಿಸಿದ. ಭಾನುವಾರ ಹಡಗಿನ ಆಳುಗಳೊಂದಿಗೆ ಆರಾಧನೆ, ಕೆಳಗಿನ ಅಂತಸ್ತಿನಲ್ಲಿ ಸಂಕೋಲೆಯಲ್ಲಿ ಮನುಷ್ಯರು. ಹಡಗು ಬಿಟ್ಟದ್ದೂ ಮನಸ್ಸಾಕ್ಷಿಗಾಗಿ ಅಲ್ಲ, ಆರೋಗ್ಯ ಕೆಟ್ಟದ್ದಕ್ಕೆ. 1764ರಲ್ಲಿ ಸಭೆಯ ಗುರುವಾದ. ಗುಲಾಮ ವ್ಯಾಪಾರದ ವಿರುದ್ಧ ಪುಸ್ತಿಕೆ ಅಚ್ಚು ಮಾಡಿಸಿದ್ದು 1788ರಲ್ಲಿ, ಬಿರುಗಾಳಿ ಕಳೆದು ನಲವತ್ತು ವರ್ಷಕ್ಕೆ. ತನ್ನ ಅರಿಕೆ ತಡವಾಯಿತೆಂದು ಅದರಲ್ಲಿ ತಾನೇ ಒಪ್ಪಿಕೊಂಡ. ದೇವರು ಅವನನ್ನು ಕೈಬಿಡಲಿಲ್ಲ ಎಂಬುದು ನಿಜ. ಅವನ ನಿಧಾನಕ್ಕೆ ಬೇರೆಯವರು ಬೆಲೆ ತೆತ್ತರು ಎಂಬುದೂ ನಿಜ. ತನಗೆ ಕಾಣುತ್ತಿದ್ದ ತಪ್ಪುಗಳನ್ನು ಅವನು ತಿದ್ದಿಕೊಳ್ಳುತ್ತಲೇ ಇದ್ದ, ಎಲ್ಲಕ್ಕಿಂತ ದೊಡ್ಡದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಆದ್ದರಿಂದ ಮೂರು ತಿಂಗಳಿಗೊಮ್ಮೆ ನಿಮ್ಮ ಹೆಂಡತಿಯನ್ನು ಕೇಳಿ: "ನನಗೆ ಕಾಣದ ಯಾವುದು ನಿನಗೆ ಕಾಣುತ್ತಿದೆ?" ಅವರು ಹೇಳಿದ್ದಕ್ಕೆ ಆ ದಿನ ಉತ್ತರ ಕೊಡಲು ಹೋಗಬೇಡಿ.

"ಇನ್ನೆಷ್ಟು ದಿನ ತಾಳಬೇಕು" ಎಂದಿರಿ. ಗಲಾತ್ಯ 5:22ರ 'ದೀರ್ಘಶಾಂತಿ'ಗೆ ಗ್ರೀಕ್ ಮೂಲದಲ್ಲಿರುವ ಪದ ಮಕ್ರೊಥುಮಿಯ. ಮಕ್ರೊಸ್ ಎಂದರೆ ದೀರ್ಘ, ಥುಮೊಸ್ ಎಂದರೆ ಕುದಿಯುವ ಸಿಟ್ಟು. ಬೇಗ ಕುದಿಯದ ಮನಸ್ಸು ಎಂದು ಇಟ್ಟುಕೊಳ್ಳಿ. ನೀವು ಬೇಡುತ್ತಿರುವುದೂ, ಅದು ಬರುವ ತನಕ ಇಟ್ಟುಕೊಳ್ಳಬೇಕಾದದ್ದೂ ಒಂದೇ ಎಂದಾಯಿತು. ಯಾಕೋಬ 5:7ರ ರೈತ ಮೊದಲ ಮಳೆಗೂ ಕೊನೆಯ ಮಳೆಗೂ ಕಾಯುವಲ್ಲಿ ಬರುವುದು ಇದೇ ಪದದ ಕ್ರಿಯಾರೂಪ. ಪಾಲೆಸ್ತೀನದಲ್ಲಿ ಮೊದಲ ಮಳೆ ನಮ್ಮ ಜೂನಿನ ಮುಂಗಾರಲ್ಲ. ಬೇಸಿಗೆಯಿಡೀ ಕಾದು ಹೆಂಚಿನಂತಾದ ನೆಲಕ್ಕೆ ಅಕ್ಟೋಬರ್–ನವೆಂಬರಿನಲ್ಲಿ ಮಳೆ ಬಿದ್ದ ಮೇಲೆಯೇ ನೇಗಿಲು ಇಳಿಯುವುದು. ಕಾಳು ತುಂಬಿಸುವ ಮಳೆ ಬರುವುದು ಮಾರ್ಚ್–ಏಪ್ರಿಲಿನಲ್ಲಿ. ನಡುವಿನ ತಿಂಗಳುಗಳಲ್ಲಿ ರೈತ ಕೈಕಟ್ಟಿ ಕೂರುವುದಿಲ್ಲ, ಪೈರನ್ನು ಕಿತ್ತು ಬೇರು ನೋಡುವುದೂ ಇಲ್ಲ.

ಮಾರ್ಕ 4ರಲ್ಲಿ ಕರ್ತನು ಬೆಳೆಯ ಕ್ರಮ ಹೇಳಿದ್ದಾನೆ: ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು. ಕೋಪದ ವಿಷಯದಲ್ಲಿ ಗರಿ ಎಂದರೆ, ಸಿಟ್ಟಾದದ್ದಕ್ಕೂ ಕ್ಷಮೆ ಕೇಳಿದ್ದಕ್ಕೂ ನಡುವಿನ ಹೊತ್ತು ಕಡಿಮೆಯಾಗುವುದು. ಮೊದಲು ಮೂರು ದಿನ ಮುಖ ಊದಿಸಿಕೊಂಡಿದ್ದವರು ಈಗ ಮಲಗುವ ಮುಂಚೆ ಕೇಳುತ್ತೀರಾ? ಅದು ಬೆಳೆ. ಬಾಯಿ ತೆರೆದಾಗಲೇ ಅರಿವಾಗಿ ಅರ್ಧಕ್ಕೆ ನಿಲ್ಲಿಸುವುದು ತೆನೆ. ಸಿಟ್ಟೇ ಏಳದಿರುವುದು ಕಾಳು. ನೀವು ಗರಿಯ ಹೊತ್ತಿನಲ್ಲಿ ಕಾಳು ಹುಡುಕಿ, ಗದ್ದೆ ಬರಡು ಎಂದು ಬರೆದಿದ್ದೀರಿ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡುವ ಹಳೆಯ ಉಪಾಯವೊಂದಿದೆ. 1548ರಲ್ಲಿ ಅಚ್ಚಾದ ತನ್ನ ಆತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಕಥೋಲಿಕ ಗುರು ಲೊಯೋಲದ ಇಗ್ನೇಷಿಯಸ್ ಹೇಳಿಕೊಟ್ಟದ್ದು. ಪ್ರಾಟೆಸ್ಟೆಂಟ್ ಓದುಗರೂ ಧಾರಾಳವಾಗಿ ಬಳಸಬಹುದು. ಒಂದು ಹಾಳೆಯಲ್ಲಿ ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆ ಎಳೆಯಿರಿ. ಒಂದೇ ತಪ್ಪನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಹೆಸರಿಸಿ ಸಹಾಯ ಬೇಡಿ. ಮಧ್ಯಾಹ್ನದ ಊಟವಾದ ಮೇಲೆ, ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ನೆನೆದು, ಬಿದ್ದಷ್ಟು ಸಲಕ್ಕೆ ಮೇಲಿನ ಗೆರೆಯಲ್ಲಿ ಚುಕ್ಕೆ ಇಡಿ. ರಾತ್ರಿ ಊಟದ ಮೇಲೆ ಕೆಳಗಿನ ಗೆರೆಯಲ್ಲಿ. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು, ಪಕ್ಕದವರಿಗೂ ತಿಳಿಯದು. ಆಮೇಲೆ ಗೆರೆಗೆ ಗೆರೆ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ.

ಇದು ಕೆಡುವುದು ಎರಡು ಕಡೆ. ಐದು ತಪ್ಪು ಒಟ್ಟಿಗೆ ಹಿಡಿದರೆ ನಾಲ್ಕನೇ ದಿನಕ್ಕೆ ಹಾಳೆ ಮೂಲೆ ಸೇರುತ್ತದೆ. ಮತ್ತೆ, ಮೊದಲ ವಾರ ಚುಕ್ಕೆ ಹೆಚ್ಚಾದರೆ ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ಹೆಚ್ಚಾಗಿರುವುದು ಬಹುಮಟ್ಟಿಗೆ ತಪ್ಪಲ್ಲ, ಗಮನ. ಹಾಳೆ ದೇವರು ಇಡುವ ಲೆಕ್ಕವೂ ಅಲ್ಲ. ಯಾವ ಹೊತ್ತಿಗೆ, ಯಾತಕ್ಕೆ ಎಂದು ತಿಳಿಯಲಿಕ್ಕೆ ಅದು ಬೇಕು. ಚುಕ್ಕೆಗಳೆಲ್ಲ ಅಂಗಡಿ ಮುಚ್ಚಿ ಹಸಿದು ಮನೆಗೆ ಬಂದ ಹೊತ್ತಿನಲ್ಲೇ ಗುಂಪುಗೂಡಿದ್ದರೆ, ಮೊದಲು ಊಟ, ಆಮೇಲೆ ಮಗನ ಜೊತೆ ಮಾತು. ಅಷ್ಟು ಸಣ್ಣ ಬದಲಾವಣೆ ಅಗೆದು ಗೊಬ್ಬರ ಹಾಕುವ ಕೆಲಸಕ್ಕೆ ಸೇರಿದ್ದು. ಲೂಕ 13ರ ಸಾಮ್ಯದಲ್ಲಿ, ಮೂರು ವರ್ಷ ಹಣ್ಣು ಬಿಡದ ಅಂಜೂರವನ್ನು ಕಡಿ ಎಂದ ಯಜಮಾನನ ಬಳಿ ತೋಟಗಾರ ಕೇಳಿಕೊಂಡ ಒಂದು ವರ್ಷವೂ ಬರೀ ಕಾಯುವುದಕ್ಕಲ್ಲ, ಅಗೆದು ಗೊಬ್ಬರ ಹಾಕುವುದಕ್ಕೆ.

ಪ್ರಾರ್ಥನೆಗೆ ಹತ್ತು ನಿಮಿಷ ಸಾಕು, ಆದರೆ ದಿನಾ. ಒಂದು ಕೀರ್ತನೆಯನ್ನು ದನಿ ತೆಗೆದು ಓದಿ ಶುರುಮಾಡಿ, ಕಿವಿಗೆ ಕೆಲಸ ಸಿಕ್ಕರೆ ಮನಸ್ಸು ನಿಲ್ಲುತ್ತದೆ. ಉದ್ರಿ ಪುಸ್ತಕ ನೆನಪಾದರೆ ಓಡಿಸಬೇಡಿ, ಬಾಕಿ ಇಟ್ಟವರ ಹೆಸರು ಹಿಡಿದು ಅವರಿಗಾಗಿಯೇ ಬೇಡಿ. ಮನಸ್ಸು ಒಣಗಿದ ದಿನ ಹತ್ತರ ಜಾಗದಲ್ಲಿ ಹನ್ನೊಂದು ನಿಮಿಷ ಕೂತಿರಿ, ಮುಂಚೆ ಮಾಡಿದ ತೀರ್ಮಾನವನ್ನು ಆ ದಿನ ಬದಲಿಸಬೇಡಿ. ಇದೂ ಇಗ್ನೇಷಿಯಸ್ ಕೊಟ್ಟ ಬುದ್ಧಿಯೇ.

ಓದಿನ ವಿಷಯ ಬರೀ ಲೆಕ್ಕ. ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಒಂದು ವರ್ಷಕ್ಕೆ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿದು ಜನವರಿಯ ಕೊನೆಗೆ ಯಾಜಕಕಾಂಡ ಎದುರಾಗುತ್ತದೆ, ಹೊಸ ವರ್ಷದ ಹುರುಪು ಇಳಿಯುವ ಹೊತ್ತಿಗೇ. ದಿನಕ್ಕೊಂದು ಅಧ್ಯಾಯ ಓದಿದರೆ ಮೂರು ವರ್ಷ ಮೂರು ತಿಂಗಳು ಸಾಕು. ನಾಲ್ಕು ಸುವಾರ್ತೆಗಳ 89 ಅಧ್ಯಾಯಗಳಿಂದ ಶುರುಮಾಡಿ, ಮೂರು ತಿಂಗಳಿಗೆ ಮುಗಿಯುತ್ತವೆ.

ಆದರೆ ಈ ರಾತ್ರಿ ಮಾತ್ರ, ನೀವು ಮೂರು ಸಲ ನಿಂತ ಯಾಜಕಕಾಂಡವನ್ನೇ ತೆಗೆಯಿರಿ, 19ನೇ ಅಧ್ಯಾಯದ 23ರಿಂದ 25ನೇ ವಚನ. ಇಸ್ರಾಯೇಲ್ಯರು ದೇಶಕ್ಕೆ ಬಂದು ಹಣ್ಣಿನ ಮರ ನೆಟ್ಟರೆ ಮೂರು ವರ್ಷ ಅದರ ಫಲ ತಿನ್ನಬಾರದು. ನಾಲ್ಕನೆಯ ವರ್ಷದ ಫಲವೆಲ್ಲ ಕರ್ತನ ಸ್ತೋತ್ರಕ್ಕೆ ಮೀಸಲು. ನೆಟ್ಟವನು ತಿನ್ನುವುದು ಐದನೆಯ ವರ್ಷದಲ್ಲಿ.