ಆಡದ ಗೇಮಿನ 310 ಗಂಟೆ

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬೇಡ. ಅಕ್ಕ, ತಮ್ಮ ಅಂತಲೇ ಕರೆಯೋಣ. ಇಬ್ಬರೂ ಒಪ್ಪಿದ ಮೇಲೆಯೇ ಬರೆದದ್ದು.)

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ದೂರು ತಂದವಳು ಅಕ್ಕ. "ಮೇಡಂ, ಇವನಿಗೆ ಗೇಮ್ ಚಟ ಹತ್ತಿದೆ. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಉರೀತಾ ಇರುತ್ತೆ. ಫ್ಯಾನ್ ಸದ್ದು ನನ್ನ ರೂಮಿಗೆ ಕೇಳುತ್ತೆ. ಬೆಳಿಗ್ಗೆ ನೋಡಿದ್ರೆ ಕಣ್ಣು ಕೆಂಪು" ಅಂದಳು. ಪುರಾವೆ ಇರಲಿ ಅಂತ ಫೋನಿನಲ್ಲಿ ಒಂದು ಫೋಟೋ ಬೇರೆ ತೆಗೆದಿಟ್ಟುಕೊಂಡಿದ್ದಳು. ಕಂಪ್ಯೂಟರ್ ಗೇಮ್‌ಗಳನ್ನು ಕೊಂಡು ಆಡುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ತಮ್ಮನ ಖಾತೆಯ ಪುಟ ಅದು. ಎಲ್ಡನ್ ರಿಂಗ್ ಎಂಬ ಗೇಮಿನ ಎದುರು 310 ಗಂಟೆ ಅಂತ ಇತ್ತು.

ತಮ್ಮ ಪಕ್ಕದಲ್ಲೇ ಕೂತು ಶರ್ಟಿನ ಗುಂಡಿ ತಿರುವುತ್ತಿದ್ದ. ವಯಸ್ಸು ಇಪ್ಪತ್ತೈದು. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಮಲೆನಾಡಿನ ಅಡಿಕೆ ತೋಟದ ಮನೆಯ ಹುಡುಗ, ಇಲ್ಲಿ ಅಕ್ಕನ ಮನೆಯಲ್ಲಿದ್ದಾನೆ. ಚಟ ಅಂದಿದ್ದಕ್ಕೆ ಅವನು ಎದುರು ಮಾತಾಡಲಿಲ್ಲ. ಸಾಮಾನ್ಯವಾಗಿ ಈ ವಯಸ್ಸಿನವರು ಅಲ್ಲೇ ಜಗಳಕ್ಕೆ ನಿಲ್ತಾರೆ. ಇವನು ತಲೆಯಾಡಿಸಿದ. ಅದು ನನಗೆ ವಿಚಿತ್ರ ಅನ್ನಿಸಿತು.

ಅಕ್ಕನನ್ನು ಹೊರಗೆ ಕೂರಿಸಿ ಅವನ ಜೊತೆ ಮಾತಿಗೆ ಕೂತೆ. ಗೇಮಿಂಗ್ ಒಂದು ಕಾಯಿಲೆಯ ಮಟ್ಟಕ್ಕೆ ಹೋಗಿದೆಯಾ ಅಂತ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟಿ ಇದೆ. 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಕೇಳುವುದು ಮುಖ್ಯವಾಗಿ ಮೂರು ವಿಷಯ: ಆಟದ ಮೇಲೆ ಹಿಡಿತ ತಪ್ಪಿದೆಯಾ, ಬದುಕಿನ ಬೇರೆ ಎಲ್ಲಕ್ಕಿಂತ ಆಟವೇ ಮುಂದಾಗಿದೆಯಾ, ಪೆಟ್ಟು ಬಿದ್ದ ಮೇಲೂ ಬಿಡೋಕೆ ಆಗ್ತಿಲ್ವಾ. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಿರಬೇಕು. ಇಷ್ಟು ಗಂಟೆ ದಾಟಿದರೆ ಕಾಯಿಲೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಮನೆಯವರು ಮಾತ್ರ ಮೊದಲು ಎಣಿಸೋದು ಗಂಟೆಯನ್ನೇ. ಕರೆಂಟ್ ಬಿಲ್ ನೋಡಿ ಮನೆಯೊಳಗೆ ಯಾರು ಏನು ಮಾಡ್ತಿದ್ದಾರೆ ಅಂತ ಹೇಳಿದ ಹಾಗೆ ಅದು.

ಹಾಗಾಗಿ ನಾನು ಎಷ್ಟು ಹೊತ್ತು ಅಂತ ಕೇಳಲಿಲ್ಲ. "ಈಗ ಏನು ಆಡ್ತಿದೀರಾ? ಹೇಗಿದೆ?" ಅಂದೆ.

ಉತ್ತರ ನಲ್ಲಿ ತಿರುಗಿಸಿದ ಹಾಗೆ ಬಂತು. ಎಲ್ಡನ್ ರಿಂಗ್ 2022ರ ಫೆಬ್ರವರಿಯಲ್ಲಿ ಬಂದದ್ದು, ಆ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಗೆದ್ದದ್ದು, ಅದರ ದೊಡ್ಡ ಲೋಕ, ದಾರಿ ತೋರಿಸದೆಯೇ ದಾರಿ ಕಾಣಿಸುವ ಅದರ ಜಾಣತನ. ಒಂದು ತೊದಲಿಲ್ಲ, ಒಂದು "ಅಂದ್ರೆ..." ಇಲ್ಲ. ಪರೀಕ್ಷೆಗೆ ಓದಿಕೊಂಡು ಬಂದವರ ಥರ. ಹುಡುಗರ ಜೊತೆ ಕೆಲಸ ಮಾಡ್ತಾ ಮಾಡ್ತಾ ನಾನೂ ಇಂಥ ಗೇಮ್‌ಗಳನ್ನು ಅಷ್ಟಿಷ್ಟು ನೋಡಿದ್ದೇನೆ. ಅದರಲ್ಲಿ ಕೋಟೆಯ ದಾರಿಗೆ ಅಡ್ಡ ನಿಲ್ಲುವ ಮಾರ್ಗಿಟ್ ಅಂತ ಒಬ್ಬ ಇದ್ದಾನೆ. ಹೊಸಬರು ಹೆಚ್ಚಾಗಿ ಅವನ ಕೈಲಿ ಹತ್ತಾರು ಸಲ ಸಾಯ್ತಾರೆ. "ಮಾರ್ಗಿಟ್‌ನ ಹೇಗೆ ಸೋಲಿಸಿದ್ರಿ?" ಅಂತ ಸುಮ್ನೆ ಕೇಳಿದೆ.

ಅವನು ಬಾಗಿಲ ಕಡೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ನಾನು ಅಲ್ಲಿವರೆಗೆ ಹೋಗೇ ಇಲ್ಲ ಮೇಡಂ. ಐದಾರು ಗಂಟೆ ಆಡಿರಬಹುದು, ಅಷ್ಟೇ. ಮಿಕ್ಕಿದ್ದು ಸುಮ್ನೆ ಓಡ್ತಾ ಇತ್ತು."

ಅಂದರೆ, ರಾತ್ರಿ ಗೇಮ್ ತೆರೆದು, ತನ್ನ ಕುದುರೆ ಸವಾರನನ್ನು ಯಾರೂ ಬಂದು ಹೊಡೆಯದ ಒಂದು ಮೂಲೆಯಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪ್ ಮುಚ್ಚದೆ ಮಲಗುತ್ತಿದ್ದ. ಗೇಮ್ ಚಾಲೂ ಇದ್ದರೆ ಸಾಕು, ಸ್ಟೀಮ್‌ನಲ್ಲಿ ಗಂಟೆ ಏರುತ್ತದೆ. ಆಡಿದರೂ ಅಷ್ಟೇ, ಗೊರಕೆ ಹೊಡೆದರೂ ಅಷ್ಟೇ. ಅಕ್ಕನಿಗೆ ಕೇಳುತ್ತಿದ್ದ ಫ್ಯಾನ್ ಸದ್ದು ಇದೇ.

ಯಾಕೆ ಅನ್ನೋದು ಹೊರಗೆ ಬರಲು ಇನ್ನೂ ಕೆಲವು ಭೇಟಿ ಬೇಕಾದವು. ಕಾಲೇಜಿನ ಐದು ಗೆಳೆಯರ ಗುಂಪು. ಭಾನುವಾರ ರಾತ್ರಿ ಗುಂಪಾಗಿ ಮಾತಾಡುವ ಆ್ಯಪ್ ಡಿಸ್ಕಾರ್ಡ್‌ನಲ್ಲಿ ಸೇರ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಈ ವಾರ ಯಾರ್ಯಾರು ಏನೇನು ಆಡ್ತಿದೀರಾ?" ಒಬ್ಬೊಬ್ಬರಾಗಿ ಹೇಳಬೇಕು, ಹೇಗಿದೆ ಅನ್ನೋದನ್ನೂ. ಕೆಲವು ವರ್ಷಗಳ ಹಿಂದೆ ಇವನು ಸ್ಟಾರ್‌ಡ್ಯೂ ವ್ಯಾಲಿ ಆಡ್ತಿದ್ದೀನಿ, ತುಂಬಾ ಹಿಡಿಸಿದೆ ಅಂದಿದ್ದ. ಬೇಸಾಯದ ಗೇಮ್ ಅದು. ಎರಿಕ್ ಬರೋನ್ ಅನ್ನೋ ಒಬ್ಬನೇ ವ್ಯಕ್ತಿ ನಾಲ್ಕು ವರ್ಷಕ್ಕೂ ಮೇಲೆ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿ 2016ರಲ್ಲಿ ಹೊರತಂದದ್ದು. ಗುಂಪಿನ ಮಾತುಗಾರ ನಕ್ಕು, "ಅದೂ ಒಂದು ಗೇಮಾ? ಹೊಲ ಉಳೋದಾದ್ರೆ ಊರಿಗೇ ಹೋಗೋ" ಅಂದನಂತೆ. ಎಲ್ಲರೂ ನಕ್ಕರು. ಇವನೂ ನಕ್ಕ. ಮಾರನೇ ದಿನ ಆ ಗೇಮನ್ನು ಅಳಿಸಿಹಾಕಿದ.

ಅಲ್ಲಿಂದ ಆಡೋದು ಹೋಗಿ ತಯಾರಿ ಶುರುವಾಯಿತು. ಯಾವುದು ಸುದ್ದಿಯಲ್ಲಿದೆಯೋ ಅದನ್ನು ಕೊಳ್ಳೋದು, ಅದರ ವಿಮರ್ಶೆಯ ವಿಡಿಯೋಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನಡುರಾತ್ರಿ ಎರಡರವರೆಗೆ ನೋಡೋದು, ಭಾನುವಾರ ಹೋಗಿ ಒಪ್ಪಿಸೋದು. ಗಂಟೆ ಕಡಿಮೆ ಕಂಡರೆ ಮರ್ಯಾದೆ ಹೋಗುತ್ತೆ ಅಂತ ರಾತ್ರಿಯ ಓಟ. ಸ್ಟೀಮ್‌ನಲ್ಲಿ ಗೆಳೆಯರ ಗಂಟೆ ಗೆಳೆಯರಿಗೆ ಕಾಣಿಸುತ್ತೆ, ಬರೆದ ವಿಮರ್ಶೆಯ ಪಕ್ಕದಲ್ಲೂ ಅಚ್ಚಾಗುತ್ತೆ.

ಇಂಥವನಿಗೆ 2025 ಅಂತೂ ಉಸಿರು ಕಟ್ಟಿಸಿದ ವರ್ಷ. ಸುದ್ದಿ ಮಾಡಿದ ಗೇಮ್‌ಗಳು ಒಂದರ ಹಿಂದೆ ಒಂದು ಬಂದವು. ಏಪ್ರಿಲ್‌ನಲ್ಲಿ ಎಕ್ಸ್‌ಪೆಡಿಶನ್ 33. ಸೆಪ್ಟೆಂಬರ್ 4ಕ್ಕೆ, ಆರು ವರ್ಷಕ್ಕೂ ಹೆಚ್ಚು ಕಾಯಿಸಿದ ಸಿಲ್ಕ್‌ಸಾಂಗ್. ಅದೇ ತಿಂಗಳ ಕೊನೆಗೆ ಹೇಡೀಸ್ 2ರ ಪೂರ್ಣ ರೂಪ. ಸಿಲ್ಕ್‌ಸಾಂಗ್ ಬಂದ ವಾರ ಆಟಗಾರರಲ್ಲಿ ದೊಡ್ಡ ಜಗಳ: ಇದು ಕಷ್ಟವೋ, ಅನ್ಯಾಯವೋ ಅಂತ. ತಯಾರಕರು ಮೊದಲ ಅಪ್‌ಡೇಟ್‌ನಲ್ಲೇ ಶುರುವಿನ ಒಂದೆರಡು ಕಡೆ ಸ್ವಲ್ಪ ಸಡಿಲ ಮಾಡಿದರು. ನಮ್ಮ ತಮ್ಮ ಎರಡೂ ಪಕ್ಷದ ವಾದವನ್ನು ಬಾಯಿಪಾಠ ಮಾಡಿಕೊಂಡಿದ್ದ. ಯಾವುದನ್ನು ಹೇಳಬೇಕು ಅನ್ನೋದು ಭಾನುವಾರ ಮೊದಲು ಬಾಯಿ ಬಿಟ್ಟವರ ಮೇಲೆ ನಿಂತಿರುತ್ತಿತ್ತು.

ಇದನ್ನು ಚಟ ಅನ್ನಲು ನನಗೆ ಮನಸ್ಸಿಲ್ಲ. ತೊಂದರೆ ಮಾತ್ರ ಸುಳ್ಳಲ್ಲ. ನಿದ್ದೆ ಹೋಗಿದೆ, ಸಂಬಳ ಸೋರಿದೆ, ಕೊಂಡ ಗೇಮ್‌ಗಳಲ್ಲಿ ಮುಕ್ಕಾಲು ಪಾಲು ಒಮ್ಮೆಯೂ ತೆರೆದಿಲ್ಲ. ತನಗೆ ಏನು ಇಷ್ಟ ಅನ್ನೋದನ್ನು ಹೇಳೋಕೆ ಅವನು ಹೆದರುತ್ತಿದ್ದ. ಹೆದರಿ ಹೆದರಿ, ಏನು ಇಷ್ಟ ಅನ್ನೋದೇ ಮರೆತುಹೋಗಿತ್ತು. "ಚಟ" ಅಂತ ಅಕ್ಕ ಅಂದಾಗ ಅವನು ಒಪ್ಪಿಕೊಂಡದ್ದೂ ಅದಕ್ಕೇ. ಆಡುವವನು ಅಂತಾದರೂ ಅನ್ನಿಸಿಕೊಂಡನಲ್ಲ!

(ನಿಜವಾಗಿ ಹಿಡಿತ ತಪ್ಪಿದವರ ದಾರಿ ಬೇರೆ. ಅವರನ್ನು ನಾನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸ್ತೇನೆ. ಅಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ಇದಕ್ಕೇ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಕಥೆಯೇ ಬೇರೆ, ಅದನ್ನು ಇದರ ಜೊತೆ ಬೆರೆಸಬೇಡಿ.)

ಸಲಹೆ ಕೊಡುವ ಮೊದಲು ಅವನ ಬಾಯಿಂದ ಅವನದೇ ಒಂದು ಮಾತು ಬರಲಿ ಅಂತ ಕಾದೆ. ಎಲ್ಡನ್ ರಿಂಗ್ ಯಾಕೆ ಬಿಟ್ರಿ ಅಂತ ಕೇಳಿದ್ದಕ್ಕೆ ಮೊದಲು ಬಂದದ್ದು "ಲರ್ನಿಂಗ್ ಕರ್ವ್ ಜಾಸ್ತಿ". ಕಲಿಯೋದು ಕಷ್ಟ ಅಂತ ಅರ್ಥ, ಅದು ಯಾವುದೋ ವಿಡಿಯೋದ ಮಾತು. ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: "ಇಡೀ ದಿನ ಆಫೀಸಲ್ಲಿ ಅದೇ ಮಾಡ್ತೀನಿ ಮೇಡಂ. ಬಿಲ್ಡ್ ಬರುತ್ತೆ, ಟೆಸ್ಟ್ ಮಾಡ್ತೀನಿ, ಫೇಲ್ ಆಗುತ್ತೆ, ಮತ್ತೆ ಮೊದಲಿಂದ. ಮನೆಗೆ ಬಂದು ಮತ್ತೆ ಫೇಲ್ ಆಗೋಕೆ ದುಡ್ಡು ಕೊಡಬೇಕಾ?" ಮತ್ತೆ ಸ್ಟಾರ್‌ಡ್ಯೂ? "ಅದರಲ್ಲಿ ದಿನ ಮುಗಿಯುತ್ತೆ."

ಆ ಮಾತು ನನಗೆ ತುಂಬಾ ಹಿಡಿಸಿತು. ಆ ಗೇಮಿನಲ್ಲಿ ಒಂದು ದಿನ ಅಂದರೆ ನಮ್ಮ ಹದಿನಾಲ್ಕು ನಿಮಿಷದಷ್ಟು. ಬೆಳಿಗ್ಗೆ ಆರಕ್ಕೆ ಏಳ್ತೀರಿ. ರಾತ್ರಿ ಎರಡಾದರೂ ಮಲಗದಿದ್ದರೆ ನಿಮ್ಮ ರೈತ ನಿಂತಲ್ಲೇ ಕುಸಿದು ಬೀಳ್ತಾನೆ. ಮಲಗಿದರೆ ಮಾತ್ರ ಆಟ ಸೇವ್ ಆಗೋದು. ನಡುರಾತ್ರಿಯೂ ಕೆಲಸದ ಮೆಸೇಜ್ ಬರುವ ಹುಡುಗನಿಗೆ ಮುಗಿಯುವ ದಿನ ಇಷ್ಟವಾದದ್ದರಲ್ಲಿ ಆಶ್ಚರ್ಯ ಏನಿದೆ? ನಾನು ಕೇಳಿದ ಅವನ ಮೊದಲ ವಿಮರ್ಶೆ ಇದು. ಮೊದಲ ದಿನ ಎಲ್ಡನ್ ರಿಂಗ್ ಬಗ್ಗೆ ಒಪ್ಪಿಸಿದ ಭಾಷಣಕ್ಕಿಂತ ಎಷ್ಟೋ ಮೇಲು.

ಆಮೇಲೆ ಕೆಲವು ಮಾತು ಆಡಿಕೊಂಡೆವು. ರಾತ್ರಿ ಲ್ಯಾಪ್‌ಟಾಪ್ ಪೂರ್ತಿ ಆಫ್. ಸ್ಟೀಮ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಗೇಮ್ ವಿವರ ಯಾರಿಗೂ ಕಾಣದಂತೆ ಮಾಡೋದು. ಇದು ಮುಚ್ಚಿಡೋದಲ್ವಾ ಅಂತ ಅವನೇ ಕೇಳಿದ. ಹೌದು, ಸದ್ಯಕ್ಕೆ ಮುಚ್ಚಿಡೋಣ ಅಂದೆ. ಗಾಯ ಇರುವಾಗ ಬಟ್ಟೆ ಕಟ್ಟೋದು ಸುಳ್ಳೇನಲ್ಲ.

ಹೊಸ ಗೇಮ್ ಕೊಂಡರೆ ಮೊದಲು ಆಡೋದು, ಆಮೇಲೆ ಬೇಕಾದರೆ ವಿಡಿಯೋ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನೇ ಬಳಸಿಕೊಂಡೆವು. ಒಂದೂವರೆ ಗಂಟೆಗೆ ನಿಲ್ಲಿಸಿ, ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬೇಕು: ಎಲ್ಲಿ ಮುಖ ಅರಳಿತು, ಎಲ್ಲಿ ಗಡಿಯಾರ ನೋಡಿದೆ, ನಾಳೆ ಮತ್ತೆ ತೆರೀತೀನಾ. ಕನ್ನಡ ಯಾಕೆ ಅಂದರೆ, ಅವನು ನೋಡುವ ವಿಮರ್ಶೆಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷಿನಲ್ಲಿ ಬರೆದರೆ ಅವರ ಮಾತೇ ಜಾರಿ ಬರುತ್ತೆ.

ಕಷ್ಟದ್ದು ಭಾನುವಾರ. ಎರಡು ವಾಕ್ಯಗಳನ್ನು ನನ್ನ ರೂಮಿನಲ್ಲೇ ಜೋರಾಗಿ ಹೇಳಿ ಅಭ್ಯಾಸ ಮಾಡಿಸಿದೆ. "ನಾನು ಆಡಿಲ್ಲ, ಹೇಗಿದೆ ಹೇಳು" ಅನ್ನೋದು ಒಂದು. "ನಾಲ್ಕು ಗಂಟೆ ಆಡಿದೆ, ಅಲ್ಲಿವರೆಗೆ ನನಗೆ ಹೀಗನ್ನಿಸಿತು" ಅನ್ನೋದು ಇನ್ನೊಂದು. ಎಷ್ಟು ಆಡಿದ್ದೀಯೋ ಅಷ್ಟಕ್ಕೇ ಮಾತು ಕಟ್ಟಿಹಾಕಿದರೆ ಯಾರೂ ಸುಲಭಕ್ಕೆ ಕೆಡವಲಾರರು. ಮಾತುಗಾರ ಗೆಳೆಯನ ಪಾತ್ರ ನಾನೇ ಮಾಡಿದೆ. ನನ್ನ ಹಂಗಿಸುವಿಕೆ ಸಾಲದು ಅಂತ ಅವನಿಂದಲೇ ಪಾಠ ಆಯ್ತು.

ಅಕ್ಕನಿಗೆ ಹೇಳಿದ್ದು ಕಡಿಮೆ. "ಎಷ್ಟು ಹೊತ್ತು ಆಡ್ದೆ" ಬಿಟ್ಟು "ಏನು ಆಡ್ತಿದೀಯ, ತೋರಿಸು" ಅನ್ನು, ಒಂದು ಸಲ ಪಕ್ಕದಲ್ಲಿ ಕೂತು ನೋಡು ಅಂದೆ. ಕೂತಳು. ಸ್ಟಾರ್‌ಡ್ಯೂನಲ್ಲಿ ಮೊದಲು ಹದಿನೈದು ಬೀಜ ಕೊಡ್ತಾರೆ, ಮೂಲಂಗಿ ಥರದ ಒಂದು ಗೆಡ್ಡೆ. ಬಿತ್ತಿ, ದಿನಾ ನೀರು ಹಾಕಿದರೆ ನಾಲ್ಕೇ ದಿನಕ್ಕೆ ಕೊಯ್ಲು. "ನಾಲ್ಕು ದಿನಕ್ಕಾ? ನಮ್ಮ ಅಡಿಕೆ ಸಸಿ ಫಲ ಬಿಡೋಕೆ ಐದಾರು ವರ್ಷ ಬೇಕಲ್ಲೋ" ಅಂತ ನಕ್ಕು, ಆಮೇಲೆ ಬೇಲಿ ಎಲ್ಲಿ ಹಾಕಬೇಕು ಅಂತ ಅವಳೇ ಹೇಳಿಕೊಡಲು ಶುರು ಮಾಡಿದಳಂತೆ.

ಗುಂಪಿನಲ್ಲಿ ಅಷ್ಟು ಸಲೀಸಾಗಲಿಲ್ಲ. ಮಾರ್ಗಿಟ್‌ನ ಹತ್ತಿರವೂ ಹೋಗದೆ ಬಿಟ್ಟಿದ್ದೀನಿ, ಮತ್ತೆ ಸ್ಟಾರ್‌ಡ್ಯೂ ಆಡ್ತಿದ್ದೀನಿ ಅಂದಾಗ ಮಾತುಗಾರ ಮತ್ತೆ ಹಂಗಿಸಿದ. "310 ಗಂಟೆ ಏನ್ ಮಾಡ್ದೆ, ಕುದುರೆ ಮೇಯಿಸ್ದ್ಯಾ?" ಇವನು "ಹೌದು, ಮೇಯಿಸ್ದೆ" ಅಂದು ಫೋನ್ ಇಟ್ಟನಂತೆ. ಆ ರಾತ್ರಿ ನಿದ್ದೆ ಇಲ್ಲ. ಮುಂದಿನ ಭೇಟಿಯಲ್ಲಿ, ನಿಮ್ಮ ಮಾತು ಕೇಳಿ ಕೆಟ್ಟೆ ಅನ್ನುವ ಮುಖ. ನಾನು ಸಮಾಧಾನದ ಮಾತಿಗೆ ಹೋಗಲಿಲ್ಲ. ನೀವು ಹೆದರಿದ್ದು ಇದಕ್ಕೇ ತಾನೇ, ಅದು ಆಗಿಹೋಯ್ತು, ಈಗ ಏನು ಉಳಿದಿದೆ ನೋಡೋಣ ಅಂದೆ. ಉಳಿದದ್ದು ಎಣಿಸಿದರೆ ಇವನನ್ನು ಬಿಟ್ಟು ಉಳಿದ ನಾಲ್ವರಲ್ಲಿ ಒಬ್ಬ ಹಂಗಿಸಿದ್ದ, ಇಬ್ಬರು ಸುಮ್ಮನಿದ್ದರು, ಇನ್ನೊಬ್ಬ ಮಾರನೇ ದಿನ ಆಫೀಸಿನ ಕಷ್ಟ ಹೇಳಿಕೊಳ್ಳಲು ಫೋನ್ ಮಾಡಿದ್ದ. ಗೇಮಿನ ಮಾತೇ ಎತ್ತಲಿಲ್ಲವಂತೆ.

ಈಗ ಅವನು ಎಲ್ಲ ಭಾನುವಾರ ಹೋಗಲ್ಲ. ಹೋದಾಗ ಕಡಿಮೆ ಮಾತಾಡ್ತಾನೆ, ಜಾಸ್ತಿ ಕೇಳ್ತಾನೆ. ರಿಯಾಯಿತಿ ಸೇಲ್ ಬಂದಾಗ ಮತ್ತೆ ಎರಡು ಗೇಮ್ ಕೊಂಡ. ಒಂದನ್ನು ಒಂದೂವರೆ ಗಂಟೆಗೆ ವಾಪಸ್ ಮಾಡಿದ, ಹಾಳೆಯಲ್ಲಿ "ಗಡಿಯಾರ ನಾಲ್ಕು ಸಲ" ಅಂತ ಬರೆದಿದ್ದ. ವಿಡಿಯೋ ನೋಡೋ ಅಭ್ಯಾಸ ಇನ್ನೂ ಪೂರ್ತಿ ಬಿಟ್ಟಿಲ್ಲ, ಅದರ ಮೇಲೆ ಕೆಲಸ ನಡೀತಿದೆ. ಅಕ್ಕ ಮೊನ್ನೆ ಫೋನ್ ಮಾಡಿ ಹೊಸ ದೂರು ಹೇಳಿದಳು: ಊಟಕ್ಕೆ ಕೂತರೆ ಬರೀ ಗೇಮಿಂದೇ ಮಾತಂತೆ, ಸಾರಿಗೆ ಉಪ್ಪು ಕಮ್ಮಿಯಾದದ್ದೂ ಅವನಿಗೆ ತಿಳಿಯಲ್ಲವಂತೆ.